ಅಪ್ಪನ ಹೆಸರಿನ ಸಿಮ್ಮು, ಲಷ್ಕರ್ ಮೊಹಲ್ಲಾದ ಹೊಸ ಸೆಟ್ಟು

ಈ ಸಲ ಬೆಳೆ ವಿಷಯ ಬರೀತಾ ಇಲ್ಲ, ಫೋನಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ. ಕೀಪ್ಯಾಡ್ ಫೋನು ಇಟ್ಕೊಂಡಿರೋರು, ಮನೇಲಿ ವಯಸ್ಸಾದೋರ ಹೆಸರಲ್ಲಿ ಸಿಮ್ ಇರೋರು ಕೊನೇವರೆಗೂ ಓದಿ.

ಹೋದ ಆಗಸ್ಟಿನಲ್ಲಿ ನಾಟಿ ದಿವಸ. ನಾಲೆ ನೀರು ಬಿಟ್ಟಿದ್ರು. ಪೈರಿನ ಕಟ್ಟು ಎತ್ತೋಕೆ ಬಗ್ಗಿದೆ, ಅಂಗಿ ಜೇಬಿನಿಂದ ಫೋನು ಗದ್ದೆ ಕೆಸರಿಗೆ ಬಿತ್ತು. ಕೈಗೆ ಸಿಗೋ ಹೊತ್ತಿಗೆ ಹತ್ತು ನಿಮಿಷ ಆಗಿತ್ತು. ಅದು 2005ರಲ್ಲಿ ತಗೊಂಡ ನೋಕಿಯಾ 1100. ಮೇಲೆ ಟಾರ್ಚ್ ಇರೋದು, ನಿಮಗೆಲ್ಲ ಗೊತ್ತು. ಇಪ್ಪತ್ತು ವರ್ಷ ಬಿದ್ದು ಎದ್ದು ಬದುಕಿದ ಸೆಟ್ಟು ಈ ಸಲ ಏಳಲಿಲ್ಲ. ಬಿಸಿಲಿಗಿಟ್ಟೆ, ಅಕ್ಕಿ ಡಬ್ಬದೊಳಗಿಟ್ಟೆ, ಉಪಯೋಗ ಆಗಲಿಲ್ಲ.

ಹೋಬಳಿ ಊರಿನ ಅಂಗಡಿಗೆ ಹೋದೆ. ಹುಡುಗ ನೋಡಿ, "ಅಣ್ಣ, ಇದನ್ನ ಎಸೀರಿ. ಹೊಸ ಸೆಟ್ಟು, ಹೊಸ ಸಿಮ್ಮು, ಎರಡೂ ಹತ್ತು ನಿಮಿಷದಲ್ಲಿ ಕೊಡ್ತೀನಿ" ಅಂದ. ಸೆಟ್ಟು ಸರಿ. ಹೊಸ ನಂಬರು ಹೆಂಗೆ ತಗೊಳ್ಳೋದು? ಬ್ಯಾಂಕಿನ ಪಾಸ್‌ಬುಕ್ಕಿಗೆ ಅದೇ ನಂಬರು, ಆಧಾರಿಗೆ ಅದೇ, ಪಿಎಂ ಕಿಸಾನಿಗೆ ಅದೇ, ಫ್ರೂಟ್ಸ್ ಐಡಿಗೆ ಅದೇ, ಗ್ಯಾಸಿಗೆ ಅದೇ. ಭತ್ತ ತಗೊಳ್ಳೋ ಮಂಡಿಯವರ ಹತ್ರ ಇರೋದೂ ಅದೇ. ಅದೇ ವಾರ ಬೆಳೆ ಸಾಲ ನವೀಕರಣ ಮಾಡಬೇಕಿತ್ತು, ಓಟಿಪಿ ಬರೋದು ಅದೇ ನಂಬರಿಗೆ.

ಹಳೇ ನಂಬರಿಗೇ ಹೊಸ ಸಿಮ್ ಕೊಡಪ್ಪ ಅಂದೆ. ಅವನು ಕಂಪ್ಯೂಟರಿನಲ್ಲಿ ನೋಡಿ, "ಅಣ್ಣ, ಸಿಮ್ಮು ನಿಮ್ಮ ಹೆಸರಲ್ಲಿಲ್ಲ. ಇವರನ್ನ ಕರ್ಕೊಂಡು ಬನ್ನಿ, ಬೆರಳು ಕೊಡಬೇಕು" ಅಂತ ಹೆಸರು ಓದಿದ. ಅದು ನಮ್ಮಪ್ಪನ ಹೆಸರು. ಅಪ್ಪ ತೀರ್ಕೊಂಡು ಹನ್ನೊಂದು ವರ್ಷ ಆಯ್ತು.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಂದು ನಂಬರಿಗೆ ನಮ್ಮ ಬದುಕೆಲ್ಲ ಕಟ್ಟಿ ಹಾಕಿದ್ದು ಯಾವಾಗ, ಹೆಂಗೆ ಅಂತ ಯೋಚನೆ ಮಾಡ್ತಾ ಕೂತೆ. ಆ ಕಥೆ ಮೊದಲು ಹೇಳ್ತೀನಿ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1985ರಲ್ಲಿ. ಆಗ ನಮ್ಮೂರಲ್ಲಿ ಫೋನೇ ಇರಲಿಲ್ಲ. ಸಾವಿನ ಸುದ್ದಿಗೆ ಟೆಲಿಗ್ರಾಂ, ಇಲ್ಲಾಂದ್ರೆ ಸೈಕಲ್ ಮೇಲೆ ಆಳು. ಹಳ್ಳಿಗೆ ಫೋನು ಬರೋ ದಾರಿ ಸುರುವಾಗಿದ್ದು ಅದೇ ಕಾಲದಲ್ಲಿ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಅನ್ನೋ ಸಂಸ್ಥೆ ಮಾಡ್ತು, ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದೋರು. ನಮ್ಮ ಧೂಳು, ಸೆಕೆ ತಡ್ಕೊಂಡು ಏಸಿ ಇಲ್ಲದೆ ನಡೆಯೋ 128 ಲೈನಿನ ಚಿಕ್ಕ ಎಕ್ಸ್‌ಚೇಂಜ್ ತಯಾರು ಮಾಡಿದ್ರು. ಅದರಲ್ಲಿ ಮೊದಲನೇದು 1986ರಲ್ಲಿ ಕೂತಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಆಮೇಲೆ ಬಂದಿದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ರಾತ್ರಿ ರೇಟು ಕಮ್ಮಿ ಅಂತ ಊಟ ಮಾಡ್ಕೊಂಡು ಕ್ಯೂ ನಿಲ್ತಿದ್ವಿ, ನೆನಪಿದೆಯಾ?

ಮೊಬೈಲಿನ ಮೊದಲ ಕರೆ ನಮ್ಮ ದೇಶದಲ್ಲಿ ಆಗಿದ್ದು 1995ರ ಜುಲೈ 31. ಕಲ್ಕತ್ತಾದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಮಂತ್ರಿ ಸುಖರಾಮ್ ಜೊತೆ ಮಾತಾಡಿದ್ರು. ಕರ್ನಾಟಕದಲ್ಲಿ ಮೊದಲು ಬಂದ ಎರಡು ಕಂಪನಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಜೆಟಿಯನ್ನ 1999ರಲ್ಲಿ ಏರ್‌ಟೆಲ್‌ನವರು ಕೊಂಡ್ರು. ಸ್ಪೈಸ್ 2008ರಲ್ಲಿ ಐಡಿಯಾಕ್ಕೆ ಹೋಯ್ತು. ಹಚ್ ಅನ್ನೋದು 2007ರಲ್ಲಿ ವೊಡಾಫೋನ್ ಆಯ್ತು, 2018ರಲ್ಲಿ ವೊಡಾಫೋನೂ ಐಡಿಯಾನೂ ಒಂದಾದವು. ಕಂಪನಿ ಬದಲಾಯ್ತು, ಬೋರ್ಡಿನ ಬಣ್ಣ ಬದಲಾಯ್ತು, ನಮ್ಮ ನಂಬರು ಮಾತ್ರ ಹಂಗೇ ಉಳೀತು.

ಸುರುವಿನಲ್ಲಿ ನಮ್ಮಂಥೋರು ಮುಟ್ಟೋ ಹಂಗಿರಲಿಲ್ಲ. ಯಾರಾದ್ರೂ ನಮಗೆ ಫೋನ್ ಮಾಡಿದ್ರೂ ನಮ್ಮ ದುಡ್ಡೇ ಹೋಗ್ತಿತ್ತು. 2003ರ ಮೇ 1ರಿಂದ ಮಾಡಿದೋರೇ ದುಡ್ಡು ಕೊಡಬೇಕು, ಬಂದ ಕರೆ ಪುಕ್ಕಟೆ ಅನ್ನೋ ಪದ್ಧತಿ ಬಂತು. ಹಳ್ಳಿಗೆ ಮೊಬೈಲು ನಿಜವಾಗಿ ಕಾಲಿಟ್ಟಿದ್ದು ಆವತ್ತಿಂದ ಅಂತ ನನ್ನ ಲೆಕ್ಕ. ಕರೆನ್ಸಿ ಇಲ್ಲದಿದ್ರೂ ಪರವಾಗಿಲ್ಲ, ಮಿಸ್ಡ್ ಕಾಲ್ ಕೊಟ್ಟರೆ ಕೆಲಸ ಆಗ್ತಿತ್ತು. ನಮ್ಮಲ್ಲಿ ಒಂದು ಮಿಸ್ಡ್ ಕಾಲ್ ಅಂದ್ರೆ ಕರೆಂಟು ಬಂತು, ಎರಡು ಅಂದ್ರೆ ಬುತ್ತಿ ಕಳಿಸು.

ಈಗ ಬೀಗದ ವಿಷಯಕ್ಕೆ ಬರ್ತೀನಿ. ಫೋನ್ ಬದಲಾಯಿಸೋರಿಗೆ ಇದು ಮುಖ್ಯ. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿ, ಉಳಿದದ್ದು ಕಂತಿನಲ್ಲಿ ಅಂತ ಸೆಟ್ಟು ಕೊಟ್ರಲ್ಲ, ಅದು ಸಿಡಿಎಂಎ. ಅಂಥ ಹೆಚ್ಚಿನ ಸೆಟ್ಟುಗಳಲ್ಲಿ ಸಿಮ್ ತೆಗೆದು ಬೇರೆ ಫೋನಿಗೆ ಹಾಕೋ ಹಂಗೇ ಇರಲಿಲ್ಲ. ನಂಬರು ಸೆಟ್ಟಿನ ಒಳಗೇ ಬರೆದಿರ್ತಿತ್ತು. ಸೆಟ್ಟು ಹೋದ್ರೆ ಅವರ ಹತ್ರಾನೇ ಹೋಗಬೇಕು. ಜಿಎಸ್‌ಎಂ ಫೋನು ಹಂಗಲ್ಲ. ಸಿಮ್ಮು ಬೇರೆ, ಸೆಟ್ಟು ಬೇರೆ. ಯಾವ ಕಂಪನಿ ಸಿಮ್ಮಾದರೂ ಯಾವ ಸೆಟ್ಟಿಗಾದರೂ ಕೂರುತ್ತೆ.

ಎಲ್ಲಾ ದೇಶದಲ್ಲೂ ಹಿಂಗಿಲ್ಲ. ಅಮೆರಿಕದಲ್ಲಿ ಕಂಪನಿಯವರೇ ಸೆಟ್ಟಿನ ದುಡ್ಡು ಮುಂಚೆ ಹಾಕಿ, ತಮ್ಮ ಸಿಮ್ಮಿಗೆ ಮಾತ್ರ ಕೆಲಸ ಮಾಡೋ ಹಂಗೆ ಬೀಗ ಹಾಕಿ ಕೊಡೋದು ವಾಡಿಕೆ. ಎತ್ತಿಗೆ ಸಾಲ ಕೊಟ್ಟ ಸಾಹುಕಾರ, ನನ್ನ ಹೊಲ ಬಿಟ್ಟು ಬೇರೆ ಕಡೆ ಹೂಡಬೇಡ ಅಂದಂಗೆ. ದುಡ್ಡು ಪೂರ್ತಿ ತೀರಿಸಿದ ಮೇಲೂ ಬೀಗ ತೆಗೆಯೋದು 2013ರಲ್ಲಿ ಅಲ್ಲಿ ಕಾನೂನಿಗೆ ವಿರುದ್ಧ ಆಗಿಬಿಡ್ತು. ಲಕ್ಷಕ್ಕೂ ಮೇಲೆ ಜನ ಅರ್ಜಿಗೆ ಸಹಿ ಹಾಕಿದ ಮೇಲೆ 2014ರ ಆಗಸ್ಟಿನಲ್ಲಿ ಒಬಾಮಾ ಹೊಸ ಕಾಯ್ದೆಗೆ ಸಹಿ ಮಾಡಿದ್ರು, ಮತ್ತೆ ಬೀಗ ತೆಗೆಯೋಕೆ ಅವಕಾಶ ಆಯ್ತು. ನಮ್ಮಲ್ಲಿ ಸೆಟ್ಟಿನ ಪೂರ್ತಿ ದುಡ್ಡು ನಾವೇ ಎಣಿಸಿ ಕೊಟ್ಟು ಕೊಂಡ್ವಿ, ಅದಕ್ಕೇ ಬಹಳಷ್ಟು ಸೆಟ್ಟಿಗೆ ಬೀಗ ಇರಲಿಲ್ಲ. ಬೀಗದ ಸೆಟ್ಟು ಇಲ್ಲವೇ ಇಲ್ಲ ಅಂತಲ್ಲ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋ ಫೋನು ಆ ಕಂಪನಿಯ ಸಿಮ್ಮಿಗೆ ಮಾತ್ರ. ಅಗ್ಗಕ್ಕೆ ಕೊಟ್ಟೋರು ಕಟ್ಟಿಹಾಕ್ತಾರೆ, ವ್ಯಾಪಾರದಲ್ಲಿ ಅದು ಇದ್ದದ್ದೇ. ತಗೊಳ್ಳೋರಿಗೆ ಮೊದಲೇ ಗೊತ್ತಿರಬೇಕು ಅಷ್ಟೇ.

ನಾನು 1100 ತಗೊಂಡಾಗ ಸಿಮ್ ಕೊಡೋಕೆ ಒಂದು ಫೋಟೋ, ಒಂದು ಗುರುತಿನ ಚೀಟಿ ಜೆರಾಕ್ಸು ಸಾಕಾಗಿತ್ತು. ನನ್ನದು ಮನೇಲಿ ಬಿಟ್ಟು ಹೋಗಿದ್ದೆ. ಪಹಣಿ ಕೆಲಸಕ್ಕೆ ಅಂತ ಅಪ್ಪನ ವೋಟರ್ ಕಾರ್ಡ್ ಜೆರಾಕ್ಸು, ಫೋಟೋ ಜೇಬಲ್ಲಿತ್ತು, ಅದನ್ನೇ ಕೊಟ್ಟೆ. ಅಂಗಡಿಯವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅದೇ ಇವತ್ತು ಕುತ್ತಿಗೆಗೆ ಬಂತು. ಅದೇ ವರ್ಷದ ಕೊನೆಗೆ 999 ರೂಪಾಯಿ ಕಟ್ಟಿದರೆ ಲೈಫ್‌ಟೈಮ್ ಇನ್‌ಕಮಿಂಗ್ ಅಂತ ಕಂಪನಿಗಳು ಹೊರಟವು. ನಾನೂ ಹೊಸ ವರ್ಷದಲ್ಲಿ ಕಟ್ಟಿದೆ. 2018ರ ಕೊನೆಗೆ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಲೇಬೇಕು, ಇಲ್ಲಾಂದ್ರೆ ಬರೋ ಕರೆನೂ ನಿಲ್ಲುತ್ತೆ ಅನ್ನೋ ಪದ್ಧತಿ ಬಂತು. ಲೈಫ್‌ಟೈಮ್ ಯಾರದು ಅಂತ ಆಮೇಲೆ ಗೊತ್ತಾಯ್ತು.

2007ರ ಆಗಸ್ಟ್ ನೆನಪಿರಬಹುದು. ನೋಕಿಯಾದ ಬಿಎಲ್-5ಸಿ ಬ್ಯಾಟರಿ ಚಾರ್ಜಿಗಿಟ್ಟಾಗ ಅತಿಯಾಗಿ ಬಿಸಿ ಆಗಬಹುದು ಅಂತ ಕಂಪನಿಯವರೇ ಹೇಳಿ, 4.6 ಕೋಟಿ ಬ್ಯಾಟರಿ ಬದಲಾಯಿಸಿ ಕೊಡ್ತೀವಿ ಅಂದ್ರು. ಊರೆಲ್ಲ ಬ್ಯಾಟರಿ ಬಿಚ್ಚಿ ಹಿಂದಿನ ಉದ್ದದ ನಂಬರು ಓದ್ತಾ ಕೂತಿತ್ತು. ಅದಾದ ಮೇಲೆ ಚೀನಾ ಸೆಟ್ಟಿನ ಕಾಲ. ನನ್ನ ತಮ್ಮ ಪೇಟೆಯಲ್ಲಿ ಬಿಲ್ಲಿಲ್ಲದೆ ಒಂದು ತಂದಿದ್ದ. ನಾಲ್ಕು ಸ್ಪೀಕರು, ಹಾಡು ಹಾಕಿದ್ರೆ ಪಕ್ಕದ ಗದ್ದೆಯೋರಿಗೂ ಕೇಳ್ತಿತ್ತು. ಪ್ರತಿ ಸೆಟ್ಟಿಗೂ 15 ಅಂಕಿಯ ಐಎಂಇಐ ನಂಬರು ಇರಬೇಕು, ಇಲ್ಲದ ಸೆಟ್ಟಿಗೆ ಸಿಗ್ನಲ್ ಕೊಡಬಾರದು ಅಂತ ಸರ್ಕಾರ 2009ರ ನವೆಂಬರ್ 30 ಗಡುವು ಇಟ್ಟಿತು. ಡಿಸೆಂಬರಿನಲ್ಲಿ ತಮ್ಮನ ಸೆಟ್ಟು ಬರೀ ರೇಡಿಯೋ ಆಯ್ತು. ಬಿಲ್ಲಿಲ್ಲ, ಕೇಳೋಕೆ ಬಾಯಿಲ್ಲ.

2011ರ ಜನವರಿ 20ಕ್ಕೆ ನಂಬರು ಉಳಿಸ್ಕೊಂಡು ಕಂಪನಿ ಬದಲಾಯಿಸೋ ಅವಕಾಶ ದೇಶದೆಲ್ಲೆಡೆ ಬಂತು. ಅಲ್ಲಿವರೆಗೆ ನಂಬರು ಕಂಪನಿಯದಾಗಿತ್ತು, ಆವತ್ತಿಂದ ನಂಬರು ನಮ್ಮದಾಯ್ತು. ಒಳ್ಳೇದೇ. ಆದರೆ ಅದೇ ಹೊತ್ತಿನಿಂದ ಬ್ಯಾಂಕು, ಇಲಾಖೆ ಎಲ್ಲಾ ಒಂದೊಂದಾಗಿ ಆ ನಂಬರಿಗೆ ಬಂದು ಅಂಟ್ಕೊಂಡವು. ನಮ್ಮದು ಅಂತ ನಾವಂದ್ಕೊಂಡ ನಂಬರು ಕಾಗದದಲ್ಲಿ ಯಾರ ಹೆಸರಲ್ಲಿದೆ ಅಂತ ನೋಡಲಿಲ್ಲ. 2017ರ ಹೊತ್ತಿಗೆ ಸಿಮ್ಮಿಗೆ ಆಧಾರ್ ಜೋಡಿಸಿ ಅಂತ ಮೆಸೇಜ್ ಮೇಲೆ ಮೆಸೇಜ್ ಬಂತು. ನಾಳೆ ನಾಡಿದ್ದು ಅಂತ ಮುಂದೂಡಿದೆ. 2018ರ ಸೆಪ್ಟೆಂಬರ್ 26ಕ್ಕೆ ಸುಪ್ರೀಂ ಕೋರ್ಟು ತೀರ್ಪು ಕೊಡ್ತು, ಫೋನಿಗೆ ಆಧಾರ್ ಕಡ್ಡಾಯ ಅಲ್ಲ ಅಂತ. ಆ ಕೇಸು ಹಾಕಿದೋರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಸರಿಯಾದದ್ದೇ. ಅದನ್ನ ನೆಪ ಮಾಡ್ಕೊಂಡು ನನ್ನ ಸಿಮ್ಮಿನ ಹೆಸರು ಸರಿಮಾಡಿಸದೆ ಬಿಟ್ಟಿದ್ದು ನನ್ನ ತಪ್ಪು.

ಮಾರನೇ ದಿವಸ ಮೊದಲ ಬಸ್ಸಿಗೆ ಮೈಸೂರಿಗೆ ಹೋದೆ. ಸಬರ್ಬ್ ಬಸ್ ಸ್ಟ್ಯಾಂಡಿನಲ್ಲಿ ಇಳಿದ್ರೆ ಅದೇ ಲಷ್ಕರ್ ಮೊಹಲ್ಲಾ. ಲಷ್ಕರ್ ಅಂದ್ರೆ ದಂಡು, ಸೈನ್ಯ. ದಂಡಿನ ಹೆಸರು ಉಳೀತು, ಈಗ ಅಲ್ಲಿರೋದು ವ್ಯಾಪಾರದ ದಂಡು. ಅಶೋಕ ರಸ್ತೆ ಹಿಡಿದು ಸಂತ ಫಿಲೋಮಿನಾ ಚರ್ಚಿನ ಗೋಪುರ ಕಾಣೋ ದಿಕ್ಕಿಗೆ ನಡೆದು, ಒಂದು ಅಡ್ಡರಸ್ತೆಗೆ ತಿರುಗಿದ್ರೆ ನನಗೆ ಗೊತ್ತಿರೋ ರಿಪೇರಿ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ನನ್ನ ವಯಸ್ಸಿನೋರೇ. ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿಯಿಂದ ಸುರು ಮಾಡಿ ಮೊಬೈಲಿಗೆ ಬಂದೋರು.

ಸೆಟ್ಟು ಬಿಚ್ಚಿ ಕನ್ನಡಕದೊಳಗಿಂದ ನೋಡಿ, "ಯಜಮಾನ್ರೇ, ಬೋರ್ಡು ಹಸಿರಾಗಿದೆ. ಇದು ಮುಗೀತು. ಸಿಮ್ಮು ಕೊಡಿ" ಅಂದ್ರು. ಬಟ್ಟೇಲಿ ಒರೆಸಿ ಇನ್ನೊಂದು ಹಳೇ ಸೆಟ್ಟಿಗೆ ಹಾಕಿದ್ರು. ಎರಡು ನಿಮಿಷಕ್ಕೆ ಸಿಗ್ನಲ್ ಕಡ್ಡಿ ಎದ್ದವು. ಸಿಮ್ಮು ಬದುಕಿತ್ತು! ಒಳಗೆ ನೂರೆಂಬತ್ತು ನಂಬರೂ ಇದ್ದವು. ಅಪ್ಪ ಅಂತ ಸೇವ್ ಮಾಡಿದ್ದೂ ಇತ್ತು.

"ಭಾಯ್, ಹೋಬಳಿಯಲ್ಲಿ ಸಿಮ್ಮು ಬದಲಾಯಿಸಬೇಕು ಅಂದ್ರಲ್ಲ?"

"ಯಾಕೆ ಬದಲಾಯಿಸ್ತೀರಿ? ಸತ್ತಿದ್ದು ಸೆಟ್ಟು, ಸಿಮ್ಮಲ್ಲ. ಸಿಮ್ಮಿಗೆ ಸರಿಹೋಗೋ ಸೆಟ್ಟು ಹುಡುಕೋಣ. ಹೆಸರಿನ ಕೆಲಸ ಆಮೇಲೆ ನಿಧಾನಕ್ಕೆ ಮಾಡಿಸ್ಕೊಳ್ಳಿ."

ಇಷ್ಟೇ ಮಾತು. ರಾತ್ರಿಯೆಲ್ಲ ಯೋಚನೆ ಮಾಡಿದ್ರೂ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದ್ದು ಹಿಂಗೆ. 2005ರ ಸಿಮ್ಮು 2ಜಿ ಕಾಲದ್ದು. ಅದನ್ನ 4ಜಿ ಫೋನಿಗೆ ಹಾಕಿದ್ರೂ 4ಜಿ ಬರಲ್ಲ, 2ಜಿಯಲ್ಲೇ ನಡೆಯುತ್ತೆ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಇವರ 2ಜಿ ಇನ್ನೂ ನಡೀತಿದೆ. ಜಿಯೋಗೆ ಮೊದಲಿಂದಲೂ 2ಜಿ ಇಲ್ಲ, ಅವರದ್ದು 2016ರಲ್ಲಿ ಸುರುವಾಗಿದ್ದೇ 4ಜಿಯಲ್ಲಿ. ಹಂಗಾಗಿ ಹಳೇ 2ಜಿ ಕೀಪ್ಯಾಡ್ ಸೆಟ್ಟಿಗೆ ಆ ಸಿಮ್ಮು ಹಾಕಿದ್ರೆ ಸಿಗ್ನಲ್ಲೇ ಬರಲ್ಲ, ಅದು ಸೆಟ್ಟಿನ ದೋಷ ಅಲ್ಲ. ಬರೀ 2ಜಿ ಸೆಟ್ಟು ಅಗ್ಗ, ಆದರೆ ನಾಳೆ 2ಜಿ ನಿಂತರೆ ಮತ್ತೆ ಇದೇ ಪಾಡು. ಅಮೆರಿಕದಲ್ಲಿ 2022ರಲ್ಲಿ ದೊಡ್ಡ ಕಂಪನಿಗಳು 3ಜಿ ನಿಲ್ಲಿಸಿದಾಗ ಚೆನ್ನಾಗಿದ್ದ ಫೋನುಗಳೇ ಮೂಲೆಗೆ ಬಿದ್ದವು. ಏರ್‌ಟೆಲ್‌ನವರು ಇಲ್ಲಿ 2020ರಲ್ಲೇ 3ಜಿ ನಿಲ್ಲಿಸಿದ್ರು. ಅದಕ್ಕೇ ನಮಗೆ ಬೇಕಾದ್ದು 2ಜಿ, 4ಜಿ ಎರಡೂ ಇರೋ, ಬೀಗ ಇಲ್ಲದ, ಎರಡು ಸಿಮ್ಮಿನ ಕೀಪ್ಯಾಡ್ ಸೆಟ್ಟು. ಈಗ 2ಜಿಯಲ್ಲಿ ಹಳೇ ಸಿಮ್ಮು ನಡೆಯುತ್ತೆ, ಮುಂದೆ ಸಿಮ್ಮು ಬದಲಾಯಿಸಿದಾಗ ಅದೇ ಸೆಟ್ಟಿನಲ್ಲಿ 4ಜಿ ಬರುತ್ತೆ.

ಸಿಮ್ಮಿನ ಅಳತೆ ಇನ್ನೊಂದು ತೊಡಕು. ನನ್ನದು ದೊಡ್ಡ ಸಿಮ್ಮು. "ಕಟ್ ಮಾಡಿ ಚಿಕ್ಕದು ಮಾಡಿ" ಅಂದೆ. ಭಾಯ್ ಕೈ ಆಡಿಸಿಬಿಟ್ರು. ಹಳೇ ಸಿಮ್ಮಿನಲ್ಲಿ ಚಿನ್ನದ ಬಣ್ಣದ ಚಿಪ್ಪು ಅಗಲ ಇರುತ್ತೆ, ನ್ಯಾನೋ ಅಳತೆಗೆ ಕತ್ತರಿಸಿದ್ರೆ ಚಿಪ್ಪೇ ಹೋಗಬಹುದು. ಹೋದ್ರೆ ಬೇರೆ ಸಿಮ್ ತಗೊಳ್ಳೋಕೆ ಬೆರಳು ಕೊಡೋ ಮನುಷ್ಯನೇ ಇಲ್ಲವಲ್ಲ! ದೊಡ್ಡ ಸಿಮ್ಮಿಗೇ ಜಾಗ ಇರೋ ಸೆಟ್ಟು ಹುಡುಕಿ ಪಕ್ಕದ ಅಂಗಡಿಯಿಂದ ತರಿಸಿದ್ರು. ಬಿಲ್ಲಿನ ಸಮೇತ 1,650 ರೂಪಾಯಿ. ದುಡ್ಡು ಕೊಡೋ ಮುಂಚೆ ನನ್ನ ಸಿಮ್ಮು ಹಾಕಿ, ಮನೆಗೆ ಫೋನ್ ಮಾಡಿಸಿ, ಮನೆಯಿಂದ ವಾಪಸ್ ಫೋನ್ ಮಾಡಿಸಿದ್ರು. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ (*#06#) ಒತ್ತಿದ್ರೆ ಐಎಂಇಐ ಬರುತ್ತೆ, ಅದು ಡಬ್ಬದ ಮೇಲಿನ ನಂಬರಿಗೂ ಬಿಲ್ಲಿಗೂ ಒಂದೇ ಇದೆಯಾ ಅಂತ ನನ್ನ ಕೈಲೇ ಓದಿಸಿದ್ರು. ಸಿಮ್ಮಿನಲ್ಲಿದ್ದ ನಂಬರುಗಳನ್ನ ಸೆಟ್ಟಿಗೂ ಕಾಪಿ ಮಾಡಿಕೊಟ್ರು.

ಬಸ್ಸಿನಲ್ಲಿ ಬರ್ತಾ ಬರ್ತಾನೇ ಬ್ಯಾಂಕಿನ ಮೆಸೇಜು ಬಂತು. ಎರಡು ದಿವಸದ ಮೇಲೆ ಸಾಲದ ನವೀಕರಣ ಆಯ್ತು.

ಆಮೇಲೆ ಹೆಸರಿನ ಕೆಲಸ. ಅಪ್ಪನ ಮರಣ ಪ್ರಮಾಣಪತ್ರ, ನನ್ನ ಆಧಾರು, ತಮ್ಮ ಮತ್ತು ತಂಗಿ ಒಪ್ಪಿಗೆ ಅಂತ ಬರೆದು ಸಹಿ ಹಾಕಿದ ಕಾಗದ ಇಷ್ಟು ಹಿಡ್ಕೊಂಡು ಕಂಪನಿಯ ದೊಡ್ಡ ಆಫೀಸಿಗೆ ಮೂರು ಸಲ ಓಡಾಡಿದೆ. ಒಂದೊಂದು ಕಂಪನಿಯೋರು ಒಂದೊಂದು ಕಾಗದ ಕೇಳಬಹುದು, ಮೊದಲೇ ಕೇಳ್ಕೊಂಡು ಹೋಗಿ. ಈಗ ನಂಬರು ನನ್ನ ಹೆಸರಿಗಾಗಿದೆ, ಸಿಮ್ಮೂ 4ಜಿ ಆಗಿದೆ. ಇನ್ನೊಂದು ವಿಷಯ. ಸಿಮ್ಮು ಬದಲಾಯಿಸಿದ 24 ಗಂಟೆ ಮೆಸೇಜು ಬರಲ್ಲ, ಮೋಸ ತಡೆಯೋಕೆ ಅಂತ ಸರ್ಕಾರ ಮಾಡಿರೋ ನಿಯಮ. ಓಟಿಪಿ ಬೇಕಾಗಿರೋ ದಿವಸ ಸಿಮ್ಮು ಬದಲಾಯಿಸೋಕೆ ಹೋಗಬೇಡಿ. ನಾನು ಹೋಬಳಿ ಅಂಗಡಿಯಲ್ಲಿ ಹೆಂಗೋ ಬದಲಾಯಿಸಿದ್ರೂ ಆವತ್ತಿನ ಓಟಿಪಿ ತಪ್ಪಿಹೋಗ್ತಿತ್ತು.

ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿರೋರಿಗೆ ಒಂದು ಮಾತು. ಆ ಪೆಟ್ಟಿಗೆ ಒಳಗಿರೋದೂ ಒಂದು ಫೋನೇ. ಹಳೇ ಪೆಟ್ಟಿಗೆ ಬಹಳಷ್ಟು 2ಜಿಯವು. ಕರೆನ್ಸಿ ಅಗ್ಗ ಅಂತ ಆ ಸಿಮ್ಮನ್ನ 2ಜಿ ಇಲ್ಲದ ಕಂಪನಿಗೆ ಪೋರ್ಟ್ ಮಾಡಿಸಿದ್ರೆ ಮೋಟರ್ ಮಾತೇ ಕೇಳಲ್ಲ, ಮತ್ತೆ ರಾತ್ರಿ ಬ್ಯಾಟರಿ ಹಿಡ್ಕೊಂಡು ಗದ್ದೆಗೆ ನಡೀಬೇಕು. ಆ ಸಿಮ್ಮು ಯಾರ ಹೆಸರಲ್ಲಿದೆ ಅಂತಲೂ ನೋಡ್ಕೊಳ್ಳಿ.

ನಾನು ಕಲ್ತಿದ್ದನ್ನ ಒಟ್ಟಿಗೆ ಬರೀತೀನಿ, ಬೇಕಾದೋರು ಇಟ್ಕೊಳ್ಳಿ.

1. ಸೆಟ್ಟು ಹೋದ್ರೆ ಮೊದಲು ಸಿಮ್ಮು ಬೇರೆ ಸೆಟ್ಟಿಗೆ ಹಾಕಿ ನೋಡಿ. ಗಾಬರಿ ಆಗಿ ಹೊಸ ನಂಬರು ತಗೋಬೇಡಿ.
2. ಯಾವ ಕಂಪನಿ ಸಿಮ್ಮಾದ್ರೂ ನಡೆಯುತ್ತಾ, ಬೀಗ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ನಿಮ್ಮ ಸಿಮ್ಮು ಹಾಕಿ ಮಾತಾಡಿ, ಆಮೇಲೆ ದುಡ್ಡು ಕೊಡಿ.
3. 2ಜಿ, 4ಜಿ ಎರಡೂ ಇರಲಿ. ಬಿಎಸ್‌ಎನ್‌ಎಲ್ ಸಿಮ್ಮಿನೋರು ಆ ಸೆಟ್ಟಿನಲ್ಲಿ ಅವರ 4ಜಿ ಬರುತ್ತಾ ಅಂತ ನೋಡಿ. ಅವರದ್ದು ಮುಖ್ಯವಾಗಿ 700 ಮತ್ತು 2100ರಲ್ಲಿ ಬರುತ್ತೆ, ಎಲ್ಲಾ ಸೆಟ್ಟೂ ಅದನ್ನ ಹಿಡಿಯಲ್ಲ.
4. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, 15 ಅಂಕಿ ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಬ್ಲಾಕ್ ಆಗಿದೆ ಅಂತ ಬಂದ್ರೆ ಮುಟ್ಟಬೇಡಿ, ಅದು ಕಳವಿನ ಸೆಟ್ಟಿರಬಹುದು.
5. ಬಿಲ್ಲು, ಡಬ್ಬ ಎಸೀಬೇಡಿ. ಸೆಟ್ಟು ಕಳೆದರೆ ಪೊಲೀಸ್ ದೂರು ಕೊಟ್ಟು ಸಂಚಾರ್ ಸಾಥಿ ಪೋರ್ಟಲಿನಲ್ಲಿ ಬ್ಲಾಕ್ ಮಾಡಿಸಬಹುದು, ಐಎಂಇಐ ಬೇಕೇ ಬೇಕು.
6. ನಿಮ್ಮ ಹೆಸರಲ್ಲಿ ಎಷ್ಟು ನಂಬರಿದೆ ಅಂತಲೂ ಅದೇ ಪೋರ್ಟಲಿನಲ್ಲಿ ಗೊತ್ತಾಗುತ್ತೆ. ಮಕ್ಕಳ ಕೈಲಿ ತೆಗೆಸಿ ನೋಡಿ.
7. ಮನೇಲಿ ಅಪ್ಪ ಅಮ್ಮನ ಹೆಸರಿನ ಸಿಮ್ಮು ನೀವು ಬಳಸ್ತಾ ಇದ್ರೆ, ಅವರು ಇದ್ದಾಗಲೇ ಹೆಸರು ಬದಲಾಯಿಸ್ಕೊಳ್ಳಿ. ಜಮೀನಿನ ಪೌತಿ ಖಾತೆಗೆ ಎಷ್ಟು ಓಡಾಡ್ತೀವೋ ಗೊತ್ತಲ್ಲ, ಈಗ ನಂಬರಿಗೂ ಪೌತಿ ಖಾತೆ ಬಂದಂಗೆ.

ಹಳೇ 1100 ಈಗ ಗೂಡಿನಲ್ಲಿದೆ. ಎಸೆಯೋಕೆ ಮನಸ್ಸು ಬರಲಿಲ್ಲ. ಬ್ಯಾಟರಿ ಮಾತ್ರ ತೆಗೆದು ಭಾಯ್ ಹತ್ರಾನೇ ಬಿಟ್ಟು ಬಂದೆ, ಮಣ್ಣಿಗೆ ಹಾಕಬಾರದು. ಅಪ್ಪನ ನಂಬರೂ ಹೊಸ ಸೆಟ್ಟಿಗೆ ಕಾಪಿ ಆಗಿ ಬಂದಿದೆ, ಅಳಿಸಿಲ್ಲ.

ನಿಮ್ಮಲ್ಲಿ ಯಾರಿಗಾದ್ರೂ ತೀರಿಕೊಂಡೋರ ಹೆಸರಿನ ಸಿಮ್ಮು ಬದಲಾಯಿಸೋಕೆ ಬೇರೆ ಸುಲಭ ದಾರಿ ಗೊತ್ತಿದ್ರೆ ಕೆಳಗೆ ಬರೀರಿ, ಎಲ್ಲರಿಗೂ ಅನುಕೂಲ ಆಗುತ್ತೆ. ಮುಂದಿನ ಸಲ ಭತ್ತದ ಕಾಂಡ ಕೊರೆಯೋ ಹುಳದ ವಿಷಯ ಬರೀತೀನಿ.